ಬ್ಯಾಡಗಿ ಮೆಣಸಿನಕಾಯಿಯ ತವರು ಯಾವುದು? ಗಿಡಗಳ ಊರು ಹುಡುಕಿದ ಬಿ.ಜಿ.ಎಲ್. ಸ್ವಾಮಿ

ಹಾವೇರಿ ಹತ್ತಿರದ ಅಗಡಿಯಿಂದ ಓದುಗರೊಬ್ಬರು ನಮಗೆ ಎರಡು ಫಾರ್ವರ್ಡ್ ಕಳಿಸಿದ್ದರು. ಎರಡೂ ಅವರ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದವು, ಎರಡನ್ನೂ ಹಾಕಿದವರು ಅವರ ಕಾಕಾ. ಮೊದಲನೆಯದರ ಪ್ರಕಾರ ಮೆಣಸಿನಕಾಯಿ ಸಾವಿರಾರು ವರ್ಷಗಳಿಂದ ನಮ್ಮ ನೆಲದ ಬೆಳೆ, ವಿದೇಶಿಯರು ಅದನ್ನು ಇಲ್ಲಿಂದ ಕದ್ದೊಯ್ದರು. ಎರಡನೆಯದರ ಪ್ರಕಾರ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಬದನೆಕಾಯಿ ಎಲ್ಲವೂ ವಿಷದ ಕುಟುಂಬದವು, ತಿಂದರೆ ಕೀಲು ಹಿಡಿಯುತ್ತದೆ. ಪೂರ್ವಜರು ಸಾವಿರಾರು ವರ್ಷ ವಿಷ ತಿಂದುಕೊಂಡೇ ಇದ್ದರೋ ಏನೋ, ಕಾಕಾ ಎರಡನ್ನೂ ನಂಬಿದ್ದರು.

ಓದುಗರ ತೊಂದರೆ ಬೇರೆಯೇ ಇತ್ತು. ಅವರ ಅಪ್ಪ ಮೆಣಸಿನಕಾಯಿ ಬೆಳೆಗಾರ. ಕಾಲೇಜಿನಲ್ಲಿ ಓದಿದ್ದನ್ನು ನೆನಪಿಸಿಕೊಂಡು ಇವರು, ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು ಅಂತ ರಾತ್ರಿ ಊಟಕ್ಕೆ ಕೂತಾಗ ಹೇಳಿದರಂತೆ. ಅಜ್ಜನ ಕಾಲದಿಂದ ಬೀಜ ಆರಿಸಿ ಇಟ್ಟುಕೊಂಡು ಬಂದ ಮನುಷ್ಯ ಅರ್ಧ ಊಟಕ್ಕೇ ಎದ್ದು ಹೋದರು. ಇದನ್ನೆಲ್ಲ ನೋಡಿ ಹೇಳಿದ ನಮ್ಮ ಕಡೆಯವರು ಯಾರೂ ಇಲ್ಲವೇ, ಎಲ್ಲ ಹೊರಗಿನವರ ಮಾತೇ ಕೇಳಬೇಕೇ ಎಂಬುದು ಅವರು ನಮಗೆ ಕೇಳಿದ ಪ್ರಶ್ನೆ.

ಇದ್ದಾರೆ. ಹೆಸರು ಬಿ.ಜಿ.ಎಲ್. ಸ್ವಾಮಿ. ಸಸ್ಯವಿಜ್ಞಾನಿ, ಕನ್ನಡದ ಲೇಖಕ. ತೀರಿಕೊಂಡು ನಾಲ್ಕು ದಶಕ ದಾಟಿದೆ. ಪೂರ್ತಿ ಹೆಸರು ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ಗುಂಡಪ್ಪ ಅಂದರೆ ಮಂಕುತಿಮ್ಮನ ಕಗ್ಗದ ಡಿ.ವಿ.ಜಿ. ಅವರ ಮಗನೇ ಇವರು. 1918ರ ಫೆಬ್ರವರಿ 5ರಂದು ಹುಟ್ಟಿದರು. ಚಿಕ್ಕಂದಿನಲ್ಲೇ ತಾಯಿ ತೀರಿಹೋದರು. ಮನೆಯ ತುಂಬ ಪುಸ್ತಕ, ಪತ್ರಿಕೆ, ಬಂದು ಹೋಗುವ ಪಂಡಿತರು. ಅಂಥ ಮನೆಯ ಹುಡುಗ ಸಾಹಿತ್ಯ ಓದುತ್ತಾನೆ ಅಂತ ಯಾರಾದರೂ ಅಂದುಕೊಳ್ಳಬೇಕು. ಇವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ ಗಿಡಗಳ ವಿಜ್ಞಾನ ಹಿಡಿದರು.

ಮರದ ಮೇಲೆ ಕೂತ ಗಿಡ ಕಳ್ಳನೇ?

ಸ್ವಾಮಿ ಅವರು ಮೊದಲು ಕೈ ಹಾಕಿದ್ದು ಆರ್ಕಿಡ್‌ಗಳಿಗೆ. ಮಲೆನಾಡಿನ ಕಡೆ ಸೀತಾಳೆ, ಸೀತೆದಂಡೆ ಎಂದು ಕರೆಯುತ್ತಾರಲ್ಲ, ಆ ಜಾತಿಯ ಗಿಡಗಳು. ಹಾವೇರಿಯಿಂದ ಹಾನಗಲ್ ದಾಟಿ ಶಿರಸಿ ಕಡೆ ಹೋದರೆ ಮಳೆಗಾಲದ ಆರಂಭದಲ್ಲಿ ಮರದ ಕೊಂಬೆಯಿಂದ ಹೂವಿನ ದಂಡೆ ಇಳಿಬಿದ್ದಿರುವುದು ಕಾಣುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮರದ ಮೇಲೆ ಬೇರೆ ಗಿಡ ಕಂಡರೆ ನಾವು ಕಣ್ಣು ಮುಚ್ಚಿ ಬಂದಳಿಕೆ ಅಂದುಬಿಡುತ್ತೇವೆ, ಮರದ ರಸ ಹೀರುತ್ತದೆ ಅಂತ ಕಿತ್ತು ಹಾಕುತ್ತೇವೆ. ಬಂದಳಿಕೆ ನಿಜಕ್ಕೂ ಹೀರುತ್ತದೆ. ಮಾವಿನ ಕೊಂಬೆಯ ತೊಗಟೆ ಸೀಳಿಕೊಂಡು ಒಳಗೆ ಬೇರಿನಂಥ ಕೊಳವೆ ಇಳಿಸಿ ಮರದ ನೀರನ್ನೂ ಲವಣವನ್ನೂ ಎಳೆದುಕೊಳ್ಳುತ್ತದೆ. ಸೀತಾಳೆ ಹಾಗಲ್ಲ. ಅದರ ಬೇರು ತೊಗಟೆಯನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಬೇರಿನ ಹೊರಗೆ ಸ್ಪಂಜಿನಂಥ ಬಿಳಿ ಪದರ ಇರುತ್ತದೆ. ಮಳೆ ಬಂದಾಗ, ಮಂಜು ಬಿದ್ದಾಗ ಅದು ನೀರು ಕುಡಿದು ಇಟ್ಟುಕೊಳ್ಳುತ್ತದೆ. ಊಟ ತಯಾರಾಗುವುದು ಅದರದೇ ಎಲೆಯಲ್ಲಿ, ಬಿಸಿಲಿನಿಂದ. ಮರದಿಂದ ಅದಕ್ಕೆ ಬೇಕಾದದ್ದು ಬೆಳಕು ಬೀಳುವ ಎತ್ತರದ ಒಂದು ಜಾಗ. ಇಂಥವನ್ನು ಅಪ್ಪುಗಿಡ ಎನ್ನುತ್ತಾರೆ.

ಆರ್ಕಿಡ್‌ನ ಬೀಜ ಇನ್ನೂ ವಿಚಿತ್ರ. ಒಂದು ಕಾಯಿ ಒಡೆದರೆ ಹಿಟ್ಟಿನಂತೆ ಹಾರುವ ಸಾವಿರಾರು ಬೀಜ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ. ಜೋಳದ ಕಾಳಿನಲ್ಲಿ ಮೊಳಕೆಗೆ ಬೇಕಾದ ಬುತ್ತಿ ಕಟ್ಟಿಟ್ಟಿರುತ್ತದೆ. ಆರ್ಕಿಡ್ ಬೀಜದಲ್ಲಿ ಆ ಬುತ್ತಿಯೇ ಇಲ್ಲ. ಬಿದ್ದ ಜಾಗದಲ್ಲಿ ಸರಿಯಾದ ಶಿಲೀಂಧ್ರ ಸಿಕ್ಕಿ ಅದು ಉಣಿಸಿದರೆ ಮಾತ್ರ ಮೊಳಕೆ. ಬುತ್ತಿ ಇಲ್ಲದ ಈ ಬೀಜದೊಳಗೆ ಭ್ರೂಣ ಹೇಗೆ ರೂಪುಗೊಳ್ಳುತ್ತದೆ? ಒಂದು ಜೀವಕೋಶ ಎರಡಾಗಿ, ಎರಡು ನಾಲ್ಕಾಗಿ, ಯಾವ ಕೋಶ ಎತ್ತ ತಿರುಗುತ್ತದೆ? ಒಂದೊಂದು ಜಾತಿಯಲ್ಲಿ ಒಂದೊಂದು ಬಗೆ. 1940ರ ದಶಕದ ಉದ್ದಕ್ಕೂ ಸ್ವಾಮಿ ಇದನ್ನೇ ಬೆನ್ನು ಹತ್ತಿದರು.

ಈ ಕೆಲಸ ಎಂಥದ್ದು ಅಂತ ಒಂದು ಮಾತು. ಹೂವಿನ ಅಂಡಾಶಯವನ್ನು ಸರಿಯಾದ ದಿನ ಕೀಳಬೇಕು. ಎರಡು ದಿನ ಮುಂಚೆ ಕಿತ್ತರೆ ಕಾಣಬೇಕಾದ್ದು ಹುಟ್ಟಿರುವುದಿಲ್ಲ, ತಡವಾದರೆ ಆ ಹಂತ ದಾಟಿರುತ್ತದೆ. ಅದನ್ನು ಕೆಡದಂತೆ ದ್ರಾವಣದಲ್ಲಿಟ್ಟು, ನೀರಿನಂಶ ತೆಗೆದು, ಕರಗಿದ ಮೇಣದಲ್ಲಿ ಹೂತು ಗಟ್ಟಿ ಮಾಡಿ, ಕೂದಲಿಗಿಂತ ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಗಾಜಿನ ಮೇಲೆ ಅಂಟಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಕಂಡದ್ದನ್ನು ಕೈಯಿಂದ ಬರೆದುಕೊಳ್ಳಬೇಕು. ನೂರು ಬಿಲ್ಲೆ ನೋಡಿದರೆ ಒಂದರಲ್ಲಿ ಬೇಕಾದ್ದು ಕಂಡೀತು. ಸ್ವಾಮಿ ಅವರ ರೇಖಾಚಿತ್ರದ ಕೈ ಪಳಗಿದ್ದಕ್ಕೂ ಈ ಕೆಲಸಕ್ಕೂ ನಂಟಿದೆ ಅಂತ ನಮಗನಿಸುತ್ತದೆ. ಮುಂದೆ ಅವರ ಕನ್ನಡ ಪುಸ್ತಕಗಳಿಗೂ ಅವರೇ ಚಿತ್ರ ಬರೆದರು.

ಈ ಸಂಶೋಧನೆಗಳ ಬಲದ ಮೇಲೆ ಮೈಸೂರು ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. ಪದವಿ ಬಂತು. ದಶಕದ ಕೊನೆಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು.

ತಿದ್ದುಪಡಿಯಾದ ಸಂಶೋಧನೆ

ಹಾರ್ವರ್ಡ್‌ನಲ್ಲಿ ಅವರ ಹಿರಿಯ ಸಹೋದ್ಯೋಗಿ ಇರ್ವಿಂಗ್ ಬೈಲಿ, ಸಸ್ಯಗಳ ಒಳರಚನೆಯಲ್ಲಿ ದೊಡ್ಡ ಹೆಸರು. ಹೂ ಬಿಡುವ ಗಿಡಗಳ ಪೂರ್ವಜರು ಹೇಗಿದ್ದರು ಅನ್ನುವುದು ಅವರಿಬ್ಬರ ಹುಡುಕಾಟ. ಹೂವಿನೊಳಗೆ ಬೀಜ ಹೊರುವ ಭಾಗ ಎಲೆಯಂಥದ್ದು ಮಡಚಿಕೊಂಡು ಆಗಿರಬೇಕು ಎಂದು 1951ರಲ್ಲಿ ಇಬ್ಬರೂ ಸೇರಿ ಬರೆದ ಪ್ರಬಂಧವನ್ನು ಸಸ್ಯವಿಜ್ಞಾನಿಗಳು ದಶಕಗಳ ಕಾಲ ಚರ್ಚಿಸಿದರು.

ಇನ್ನೊಂದು ಕೆಲಸ ಸಾರ್ಕಾಂಡ್ರಾ ಎಂಬ ಪೊದೆಯ ಮೇಲೆ. ಹೂ ಬಿಡುವ ಗಿಡಗಳ ಕಟ್ಟಿಗೆಯಲ್ಲಿ ಸಾಮಾನ್ಯವಾಗಿ ನೀರು ಏರಲು ಪೈಪಿನಂಥ ನಾಳಗಳಿರುತ್ತವೆ. ಈ ಪೊದೆಯಲ್ಲಿ ಅವು ಇಲ್ಲ ಎಂದು 1950ರ ಹೊತ್ತಿಗೆ ತೋರಿಸಿದರು. ಅದೊಂದು ಸುದ್ದಿಯೇ ಆಯಿತು. ದಕ್ಷಿಣ ಭಾರತದ ಒಂದು ಸಾರ್ಕಾಂಡ್ರಾಕ್ಕೆ ಬೈಲಿ ಅವರ ನೆನಪಿಗೆ ಸಾರ್ಕಾಂಡ್ರಾ ಇರ್ವಿಂಗ್‌ಬೈಲಿಯೈ ಅಂತ ಹೆಸರನ್ನೂ ಇಟ್ಟರು.

ಮುಂದಿನದನ್ನು ಬಿಟ್ಟು ಹೇಳಿದರೆ ಕಥೆ ಇನ್ನೂ ಚೆಂದ ಕಾಣುತ್ತದೆ, ಆದರೆ ಬಿಡುವಂತಿಲ್ಲ. 1987ರಲ್ಲಿ, ಸ್ವಾಮಿ ತೀರಿಕೊಂಡು ಏಳು ವರ್ಷವಾದ ಮೇಲೆ, ಷೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ಅಮೆರಿಕದ ವಿಜ್ಞಾನಿ ಸಾರ್ಕಾಂಡ್ರಾದ ಬೇರುಗಳಲ್ಲಿ ನಾಳಗಳಿರುವುದನ್ನು ಗುರುತಿಸಿದರು. ಅಂದರೆ ನಾಳವೇ ಇಲ್ಲದ ಗಿಡ ಎಂಬ ಮಾತು ತಿದ್ದುಪಡಿಯಾಯಿತು. ಅದರಿಂದ ಸ್ವಾಮಿ ಅವರ ಹೆಸರಿಗೆ ಕುಂದೇನೂ ಬರಲಿಲ್ಲ. ಅವರು ಯಾವ ಭಾಗ ಕೊಯ್ದು ನೋಡಿದೆ, ಏನು ಕಂಡೆ ಅಂತ ಬರೆದಿಟ್ಟಿದ್ದರಿಂದಲೇ ಇನ್ನೊಬ್ಬರು ಮತ್ತೆ ನೋಡಿ ಬಿಟ್ಟುಹೋದದ್ದನ್ನು ಸೇರಿಸಲು ಆಯಿತು. ಕಾಕಾ ಅವರ ಫಾರ್ವರ್ಡ್‌ನಲ್ಲಿ ಯಾರು ನೋಡಿದರು, ಎಲ್ಲಿ ನೋಡಿದರು ಅನ್ನುವುದೇ ಇರಲಿಲ್ಲ.

ಮದರಾಸಿನಲ್ಲಿ ಕನ್ನಡ

ಅಮೆರಿಕದಿಂದ ಮರಳಿ 1950ರ ದಶಕದ ಆರಂಭದಲ್ಲಿ ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಪ್ರಾಧ್ಯಾಪಕರಾಗಿ, ಆಮೇಲೆ ಪ್ರಿನ್ಸಿಪಾಲರಾಗಿ ಎರಡು ದಶಕಕ್ಕೂ ಹೆಚ್ಚು ಅಲ್ಲೇ. ಕನ್ನಡದ ಲೇಖಕನಾಗಿ ಹೆಸರು ಮಾಡಿದ್ದು ತಮಿಳು ನಾಡಿನಲ್ಲಿ ಕೂತು. ಕಾಲೇಜಿನ ವಿದ್ಯಾರ್ಥಿ, ಮೇಷ್ಟ್ರು, ಆಡಳಿತ ಮಂಡಳಿಗಳನ್ನು ಗೇಲಿ ಮಾಡಿದ ‘ಕಾಲೇಜು ರಂಗ’ವನ್ನು ಪುಟ್ಟಣ್ಣ ಕಣಗಾಲ್ 1976ರಲ್ಲಿ ಸಿನಿಮಾ ಮಾಡಿದರು. ಹಿರಿಯರಿಗೆ ಸ್ವಾಮಿ ಅವರ ಹೆಸರು ಗೊತ್ತಿಲ್ಲದಿದ್ದರೂ ಆ ಸಿನಿಮಾ ಗೊತ್ತಿರುತ್ತದೆ.

ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟದ ಕಾಡುಗಳಲ್ಲಿ ಅಲೆದ ಕಥೆಗಳು ‘ಹಸುರು ಹೊನ್ನು’ ಆದವು. ಗಿಡ ಗುರುತು ಹಿಡಿಯುವ ಪಾಠವನ್ನು ನಗೆಯ ಜೊತೆ ಬೆರೆಸಿದ ಪುಸ್ತಕ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹನ್ನೊಂದು ವರ್ಷ ಹಿಂದೆ ಅದೇ ಪ್ರಶಸ್ತಿ ತಂದೆ ಡಿ.ವಿ.ಜಿ. ಅವರಿಗೆ ಬಂದಿತ್ತು.

ನಮ್ಮ ಅಗಡಿಯ ಪ್ರಶ್ನೆಗೆ ಬೇಕಾದವು ಬೇರೆ ಎರಡು ಪುಸ್ತಕ. ಒಂದು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಹೆಸರೇ ಎಲ್ಲ ಹೇಳುತ್ತದೆ: ಆ ಖಂಡದಿಂದ ಹೊರಟು ನಮ್ಮ ಅಡುಗೆಮನೆ ಸೇರಿ, ತಾವು ಇಲ್ಲಿಯವೇ ಅನ್ನುವಷ್ಟು ಹೊಂದಿಕೊಂಡ ಗಿಡಗಳ ಕಥೆ. ಇನ್ನೊಂದು ‘ಶಾಸನಗಳಲ್ಲಿ ಗಿಡಮರಗಳು’. ಕಲ್ಲಿನ ಮೇಲಿನ ಹಳೆಯ ಬರಹಗಳಲ್ಲಿ ಯಾವ ಗಿಡದ ಹೆಸರಿದೆ ಅಂತ ಒಬ್ಬ ಸಸ್ಯವಿಜ್ಞಾನಿ ಕೂತು ಹುಡುಕಿದ ಪುಸ್ತಕ. ಮೇಲುನೋಟಕ್ಕೆ ಸಂಬಂಧವಿಲ್ಲದ ಈ ಎರಡನ್ನು ಜೊತೆಗಿಟ್ಟು ನೋಡಿದರೆ ಗಿಡದ ತವರು ಪತ್ತೆ ಮಾಡುವ ದಾರಿ ಕಾಣುತ್ತದೆ. ಆ ದಾರಿಯಲ್ಲಿ ಮೆಣಸಿನಕಾಯಿಯನ್ನು ನಾವೇ ಒಮ್ಮೆ ನಡೆಸಿ ನೋಡೋಣ.

ದಾಯಾದಿಗಳು ಎಲ್ಲಿದ್ದಾರೆ?

ಒಂದು ಮನೆತನದ ಮೂಲ ಊರು ಗೊತ್ತಾಗಬೇಕಾದರೆ ದಾಯಾದಿಗಳು ಎಲ್ಲಿ ಹೆಚ್ಚಿದ್ದಾರೆ ಅಂತ ನೋಡುತ್ತೇವೆ. ಗಿಡಕ್ಕೂ ಹಾಗೆಯೇ. ಮೆಣಸಿನಕಾಯಿಯ ಹತ್ತಿರದ ಬಂಧುಗಳು, ಯಾರೂ ನೆಡದೆ ಕಾಡಿನಲ್ಲಿ ತಾನಾಗಿ ಬೆಳೆಯುವಂಥವು, ಎಲ್ಲವೂ ಇರುವುದು ಅಮೆರಿಕ ಖಂಡಗಳಲ್ಲಿ. ಸಹ್ಯಾದ್ರಿಯಲ್ಲಾಗಲಿ ಹಿಮಾಲಯದಲ್ಲಾಗಲಿ ಒಂದೂ ಇಲ್ಲ. ಬ್ಯಾಡಗಿ ಸೇರಿದ ಜಾತಿಯನ್ನು ಜನ ಮೊದಲು ಬೇಸಾಯಕ್ಕೆ ಒಗ್ಗಿಸಿಕೊಂಡದ್ದು ಮೆಕ್ಸಿಕೋ ಕಡೆ.

ದೊಡ್ಡ ಕುಟುಂಬ ತೆಗೆದುಕೊಂಡರೂ ಇದೇ ಉತ್ತರ. ಬದನೆ, ಟೊಮೆಟೊ, ಆಲೂಗಡ್ಡೆ, ತಂಬಾಕು, ದತ್ತೂರಿ, ಅಶ್ವಗಂಧ ಎಲ್ಲ ಇರುವ ಈ ಕುಟುಂಬವನ್ನು ಬದನೆ ಕುಟುಂಬ ಅಥವಾ ಸೊಲನೇಸಿ ಎನ್ನುತ್ತಾರೆ. ಸುಮಾರು 2,700 ಜಾತಿಗಳು. ಅತಿ ಹೆಚ್ಚು ಬಗೆಗಳಿರುವುದು ದಕ್ಷಿಣ ಅಮೆರಿಕದಲ್ಲಿ. ನಮ್ಮ ಹೊಲದ ಗಿಡ ನೋಡಿ ಊಹಿಸಲೂ ಆಗದ ಬಂಧುಗಳು ಅಲ್ಲಿವೆ. ಜುವಾನುಲ್ಲೋವಾ ಮೆಕ್ಸಿಕಾನಾ ಎಂಬ ಪೊದೆಯನ್ನೇ ನೋಡಿ. ಮೆಕ್ಸಿಕೋದಿಂದ ಪೆರುವಿನವರೆಗಿನ ಮಳೆಕಾಡುಗಳಲ್ಲಿ ಇದು ನಮ್ಮ ಸೀತಾಳೆಯ ಹಾಗೆ ಮರದ ಮೇಲೆ ಕೂತು ಬೆಳೆಯುತ್ತದೆ. ಮೇಣ ಸವರಿದಂಥ ಕಿತ್ತಳೆ ಬಣ್ಣದ ಕೊಳವೆ ಹೂವು. ಮಕರಂದಕ್ಕೆ ಹಮ್ಮಿಂಗ್ ಹಕ್ಕಿ ಬರುತ್ತದೆ. ಅದಕ್ಕೆ ಆ ಹೆಸರು ಬಂದದ್ದು ಹೋರ್ಹೆ ಹುವಾನ್ ಮತ್ತು ಆಂಟೋನಿಯೊ ಡಿ ಉಲ್ಲೋವಾ ಎಂಬ ಇಬ್ಬರು ಸ್ಪೇನ್ ದೇಶದವರಿಂದ. 18ನೇ ಶತಮಾನದಲ್ಲಿ ಭೂಮಿಯ ಆಕಾರ ಅಳೆಯಲು ಈಗಿನ ಈಕ್ವೆಡಾರ್‌ಗೆ ಹೋದ ತಂಡದಲ್ಲಿ ಅವರಿದ್ದರು. ನೆಲ ಬಿಟ್ಟು ಮರ ಹತ್ತಿದ ಇಂಥ ಬದನೆ ಬಂಧುಗಳು ಆ ಖಂಡದಲ್ಲಿ ಇನ್ನೂ ಹಲವಿವೆ.

ಎಲ್ಲರೂ ಅಲ್ಲಿಯವರಲ್ಲ. ಬದನೆಕಾಯಿ ನಮ್ಮ ಏಷ್ಯಾದ್ದೇ. ಇದಕ್ಕೆ ಸಾಕ್ಷಿ ಕನ್ನಡದಲ್ಲೇ ಇದೆ. ಸುಮಾರು 1500ರ ಹೊತ್ತಿನ ಮೂರನೇ ಮಂಗರಸನ ‘ಸೂಪಶಾಸ್ತ್ರ’ ಪದ್ಯದಲ್ಲಿರುವ ಅಡುಗೆ ಪುಸ್ತಕ. ಅದರಲ್ಲಿ ಬದನೆಕಾಯಿಯ ಅಡುಗೆಗಳು ಸಾಲುಸಾಲಾಗಿ ಬರುತ್ತವೆ. ಮೆಣಸಿನಕಾಯಿ ಇಲ್ಲ. ಖಾರಕ್ಕೆ ಕಾಳುಮೆಣಸು. ಶಾಸನಗಳಲ್ಲೂ ವ್ಯಾಪಾರದ ಸರಕಾಗಿ ಸಿಗುವುದು ಕಾಳುಮೆಣಸೇ. ಇಷ್ಟು ಖಾರದ, ಇಷ್ಟು ಕೆಂಪನೆಯ, ಊಟದಲ್ಲಿ ದಿನಾ ಬೇಕಾದ ಕಾಯಿ ಸಾವಿರಾರು ವರ್ಷ ಇಲ್ಲೇ ಇದ್ದು ಅಡುಗೆ ಬರೆದವನಿಗೂ ಸುಂಕ ಎಣಿಸಿದವನಿಗೂ ಕಾಣಲಿಲ್ಲ ಅಂದರೆ ನಂಬುವುದು ಕಷ್ಟ.

ಭಾಷೆಯೂ ಬಾಯಿಬಿಡುತ್ತದೆ. ಮೆಣಸು ಎಂದರೆ ಮೊದಲು ಕಾಳುಮೆಣಸು ಮಾತ್ರ. ಹೊಸ ಕಾಯಿ ಬಂದಾಗ ಅದೇ ಖಾರ ಕಂಡು ಜನ ಮೆಣಸಿನ ಕಾಯಿ ಎಂದರು. ಹೊಸದು ಎಷ್ಟು ಬೆಳೆಯಿತೆಂದರೆ ಹಳೆಯದಕ್ಕೇ ವಿಶೇಷಣ ಬೇಕಾಯಿತು: ಕಾಳುಮೆಣಸು, ಕರಿಮೆಣಸು, ಕರಾವಳಿಯಲ್ಲಿ ಒಳ್ಳೆಮೆಣಸು. ಮನೆಗೆ ಬಂದ ಅಳಿಯ ಹೆಸರು ಪಡೆದು ಮನೆಮಗ ಅಡ್ಡಹೆಸರಿನಲ್ಲಿ ಉಳಿದ ಹಾಗೆ. ಕೊಲಂಬಸ್ ಕೂಡ ಇದೇ ಗೊಂದಲ ಮಾಡಿಕೊಂಡಿದ್ದ. ಕಾಳುಮೆಣಸು ಹುಡುಕಿ ಹೊರಟವನು ಅಲ್ಲಿನ ಖಾರದ ಕಾಯಿಗೂ ಮೆಣಸು ಎಂದೇ ಹೆಸರಿಟ್ಟ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು. ಅದೇ ಶತಮಾನದಲ್ಲಿ ಅವರ ಹಡಗುಗಳ ಜೊತೆ ಮೆಣಸಿನಕಾಯಿ ನಮ್ಮ ಕರಾವಳಿ ಮುಟ್ಟಿತು. ಧಾರವಾಡ, ಬೆಳಗಾವಿ ಕಡೆ ಆಲೂಗಡ್ಡೆಗೆ ಬಟಾಟಿ ಅನ್ನುತ್ತೇವಲ್ಲ, ಅದೂ ಅವರ ಬಾಯಿಂದಲೇ ಬಂದ ಪದ.

ಇನ್ನು ವಿಷದ ಮಾತು. ದತ್ತೂರಿ ವಿಷ, ಸಂಶಯವಿಲ್ಲ. ಹಸಿರಾದ, ಮೊಳಕೆ ಬಂದ ಆಲೂಗಡ್ಡೆಯಲ್ಲಿ ಸೊಲನೀನ್ ಹೆಚ್ಚುತ್ತದೆ, ಅಂಥದ್ದು ತಿನ್ನಬೇಡಿ. ಆದರೆ ಒಂದು ಕುಟುಂಬದಲ್ಲಿ ಒಬ್ಬ ಕೆಟ್ಟವನಿದ್ದರೆ ಎಲ್ಲರನ್ನೂ ಜೈಲಿಗೆ ಹಾಕುವುದಿಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿ ತಿಂದರೆ ಕೀಲುನೋವು ಬರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಯಾರಿಗಾದರೂ ನಿರ್ದಿಷ್ಟ ತರಕಾರಿ ಆಗಿಬರುವುದಿಲ್ಲ ಅನಿಸಿದರೆ ವೈದ್ಯರನ್ನು ಕೇಳಲಿ. ಗ್ರೂಪಿಗೆ ಕಳಿಸುವ ವಿಷಯ ಅದಲ್ಲ.

ಹಾಗಾದರೆ ಅಪ್ಪನ ಮೆಣಸಿನಕಾಯಿ?

ಅಗಡಿಯ ಆ ಹಿರಿಯರು ಊಟ ಬಿಟ್ಟು ಎದ್ದದ್ದು ನಮಗೆ ಅರ್ಥವಾಗುತ್ತದೆ. ವರ್ಷವಿಡೀ ದುಡಿದದ್ದು ನಿನ್ನದಲ್ಲ ಅಂತ ಮಗಳೇ ಹೇಳಿದ ಹಾಗೆ ಕೇಳಿಸಿರಬೇಕು. ಆದರೆ ಅಮೆರಿಕದಿಂದ ಬಂದದ್ದು ಮೆಣಸಿನಕಾಯಿ. ಬ್ಯಾಡಗಿ ಮೆಣಸಿನಕಾಯಿ ಅಲ್ಲಿಂದ ಬರಲಿಲ್ಲ. ಸುಕ್ಕು ಸುಕ್ಕಾದ ತೊಗಟೆ, ಕಡು ಕೆಂಪು ಬಣ್ಣ, ಬಣ್ಣಕ್ಕೆ ಹೋಲಿಸಿದರೆ ಕಡಿಮೆ ಖಾರ ಇರುವ ಈ ಕಡ್ಡಿ, ಡಬ್ಬಿ ತಳಿಗಳು ಮೆಕ್ಸಿಕೋದಲ್ಲಿರಲಿಲ್ಲ. ಹಾವೇರಿ, ಧಾರವಾಡ, ಗದಗ ಸೀಮೆಯ ರೈತರು ಕಣದಲ್ಲಿ ಒಣಹಾಕಿದ ರಾಶಿಯಿಂದ ಒಳ್ಳೆಯ ಕಾಯಿ ಆರಿಸಿ ಬೀಜಕ್ಕೆ ಎತ್ತಿಡುತ್ತ ತಲೆಮಾರುಗಳಲ್ಲಿ ಮಾಡಿಕೊಂಡವು ಇವು. 2011ರಲ್ಲಿ ಬ್ಯಾಡಗಿಗೆ ಸಿಕ್ಕ ಭೌಗೋಳಿಕ ಸೂಚಿಕೆಯ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಹೇಳುವುದೂ ಇದನ್ನೇ. ಆ ಕಾನೂನು ಗಿಡದ ಮುತ್ತಜ್ಜ ಎಲ್ಲಿ ಹುಟ್ಟಿದ ಅಂತ ಕೇಳುವುದಿಲ್ಲ. ಈ ಗುಣ ಈ ನೆಲದಿಂದ, ಈ ಜನರ ಕೈಯಿಂದ ಬಂದಿದೆಯೇ ಅಂತ ಕೇಳುತ್ತದೆ.

ಅಂದಹಾಗೆ, ಕೆಂಪು ಹೆಚ್ಚಿದ್ದರೆ ಖಾರ ಹೆಚ್ಚು ಅನ್ನುವ ನಂಬಿಕೆಯನ್ನೂ ಬ್ಯಾಡಗಿಯೇ ಸುಳ್ಳು ಮಾಡುತ್ತದೆ. ಕೆಂಪಿಗೆ ಕಾರಣ ಕ್ಯಾಪ್ಸಾಂಥಿನ್ ಎಂಬ ಬಣ್ಣ, ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಕ್ಯಾಪ್ಸೈಸಿನ್ ಹುಟ್ಟುವುದೂ ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಬ್ಯಾಡಗಿಯ ಬಣ್ಣವನ್ನು ಬೇರ್ಪಡಿಸಿ ಆಹಾರಕ್ಕೂ ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಯ ದರ ನೋಡುವವರಿಗೆ ಬಣ್ಣದ ಬೆಲೆ ನಾವು ಹೇಳಬೇಕಿಲ್ಲ.

ಸ್ವಾಮಿ ಅವರು 1980ರ ನವೆಂಬರ್ 2ರಂದು ತೀರಿಕೊಂಡರು. ವಯಸ್ಸು 62. ಅವರು ಬರೆದ ಕನ್ನಡ ಪುಸ್ತಕಗಳು ಈಗಲೂ ಅಂಗಡಿಯಲ್ಲಿ ಸಿಗುತ್ತವೆ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ವನ್ನು ಅಪ್ಪನಿಗೆ ಓದಿ ಹೇಳಿ ಎಂದು ಅಗಡಿಗೆ ಬರೆದೆವು. ಅಪ್ಪ ಪೂರ್ತಿ ಕೇಳಿಸಿಕೊಂಡರಂತೆ. ಕೇಳಿ, ಗೋವಾದಿಂದ ಇಲ್ಲಿಗೆ ಮೊದಲ ಬೀಜ ತಂದವನು ಯಾವ ಊರಿನವನು ಅಂತ ಕೇಳಿದರಂತೆ. ಅದನ್ನು ಯಾರೂ ಬರೆದಿಟ್ಟಿಲ್ಲ. ಕಾಕಾ ಅವರು ನಮ್ಮ ಉತ್ತರಕ್ಕೆ ಹೆಬ್ಬೆರಳು ಒತ್ತಿ, ಮರುದಿನ ಬೆಳಗ್ಗೆ ಬೆಳ್ಳುಳ್ಳಿಯ ಬಗ್ಗೆ ಹೊಸದೊಂದು ಫಾರ್ವರ್ಡ್ ಹಾಕಿದ್ದಾರೆ.